ತಂಬೂರಿಯನ್ನ ಫ್ಯಾನ್ ಅಂದುಕೊಂಡ ಸಾಫ್ಟ್‌ವೇರ್

ಕೊರೊನಾ ಕಾಲದ ಆನ್‌ಲೈನ್ ಕ್ಲಾಸ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ನಮ್ಮದೇ ಕಥೆ. ಕ್ಯಾಮೆರಾ ಆಫ್, ಮೈಕ್ ಮ್ಯೂಟ್, ಹಾಸಿಗೆ ಮೇಲಿಂದಲೇ ಅಟೆಂಡೆನ್ಸ್. ಆ ಕಡೆ ಕೂತು ಪಾಠ ಮಾಡುತ್ತಿದ್ದವರ ಕಥೆ ಕೇಳಿದವರು ಕಡಿಮೆ. ಅದರಲ್ಲೂ ಸಂಗೀತದ ಮೇಷ್ಟ್ರು, ಮೇಡಮ್ಮುಗಳ ಕಥೆ ಯಾರೂ ಕೇಳಲಿಲ್ಲ. ನಮ್ಮ ಸಂಘದಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಕಡೆಯಿಂದ ಬಂದವರು ಸಾಕಷ್ಟು ಜನ ಇದ್ದೇವೆ. ಚಿಕ್ಕವರಿದ್ದಾಗ ಹಾಡು, ಹಾರ್ಮೋನಿಯಂ, ತಬಲ ಹೇಳಿಕೊಟ್ಟವರ ಹತ್ತಿರ ರಜೆಯಲ್ಲಿ ಹೋಗಿ ಮಾತಾಡಿದಾಗ ಕೇಳಿದ್ದನ್ನ ಇಟ್ಟುಕೊಂಡು ಈ ಬರಹ.

ಮೊದಲು ಅವರಿಗೆ ಬಂದ ಕಷ್ಟ ಏನು ಅಂತ ನೋಡೋಣ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು, ಮನೆಪಾಠಗಳೂ ನಿಂತವು. ಆಗಸ್ಟ್‌ನಲ್ಲಿ ಸರ್ಕಾರ ವಿದ್ಯಾಗಮ ಶುರು ಮಾಡಿತು, ಮೇಷ್ಟ್ರುಗಳು ಊರೂರಿಗೆ ಹೋಗಿ ಮರದ ಕೆಳಗೆ, ದೇವಸ್ಥಾನದ ಜಗಲಿ ಮೇಲೆ ಪಾಠ ಮಾಡಿದರು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಗಣಿತ, ವಿಜ್ಞಾನಕ್ಕೆ ಹೀಗೆ ಒಂದಲ್ಲ ಒಂದು ದಾರಿ ಹುಡುಕಿದರು. ಹಾಡಿಗೆ ಮಾತ್ರ ಆ ದಾರಿಯೂ ಇರಲಿಲ್ಲ, ಯಾಕಂದ್ರೆ ಒಟ್ಟಿಗೆ ಕೂತು ಹಾಡೋದೇ ಅಪಾಯ ಆಗಿಬಿಟ್ಟಿತ್ತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ 2020ರ ಮಾರ್ಚ್ 10ರಂದು ಒಂದು ಗಾಯನ ತಂಡ ಅಭ್ಯಾಸಕ್ಕೆ ಸೇರಿತ್ತು. ಬಂದಿದ್ದವರು 61 ಜನ. ದೃಢಪಟ್ಟದ್ದು, ಶಂಕಿತ ಎರಡೂ ಸೇರಿ 53 ಜನಕ್ಕೆ ಸೋಂಕು ತಗುಲಿತು, ಇಬ್ಬರು ತೀರಿಕೊಂಡರು. ಇಂಥ ಸುದ್ದಿ ಓದಿದ ಮೇಲೆ ಯಾವ ಅಪ್ಪ ಅಮ್ಮ ಮಗುವನ್ನ ಹಾಡಿನ ಕ್ಲಾಸಿಗೆ ಕಳಿಸ್ತಾರೆ? ಉಳಿದದ್ದು ಫೋನ್ ಒಂದೇ.

ಆಗ ಶುರುವಾಯ್ತು ತರಬೇತಿಗಳ ಸುಗ್ಗಿ. ಅದೇ ವರ್ಷ ಶಿಕ್ಷಕರ 'ನಿಷ್ಠಾ' ತರಬೇತಿ ದೀಕ್ಷಾ ಪೋರ್ಟಲ್ ಮೂಲಕ ಆನ್‌ಲೈನ್ ಆಯ್ತು. ಅದರ 18 ಮಾಡ್ಯೂಲ್‌ಗಳಲ್ಲಿ ಕಲೆಗೆ ಸಂಬಂಧಪಟ್ಟದ್ದೂ ಒಂದಿತ್ತು. ಆದರೆ ಅದರ ಉದ್ದೇಶ ಕಲೆಯನ್ನ ಬೇರೆ ಪಾಠಗಳ ಜೊತೆ ಬೆರೆಸಿ ಕಲಿಸೋದು. ವಿಜ್ಞಾನದ ಮೇಷ್ಟ್ರಿಗೆ ಅದು ಉಪಯೋಗ. ಸಂಗೀತವನ್ನೇ ಕಲಿಸೋರಿಗೆ, ನಿಮ್ಮ ಪಾಠವನ್ನ ಹೀಗೆ ಇನ್ನಷ್ಟು ಚೆನ್ನಾಗಿ ಮಾಡಬಹುದು ಅಂತ ಹೇಳೋದು ಅದರ ಕೆಲಸ ಆಗಿರಲಿಲ್ಲ. ಇದಲ್ಲದೆ ಅವರಿವರು ನಡೆಸಿದ ವೆಬಿನಾರ್‌ಗಳು. ನಮಗೆ ಪಾಠ ಹೇಳಿದ ಒಬ್ಬ ಮೇಡಂ ಆ ವರ್ಷ ಸಿಕ್ಕ ಇ-ಸರ್ಟಿಫಿಕೇಟುಗಳನ್ನೆಲ್ಲ ಫೋನಿನ ಗ್ಯಾಲರಿಯಲ್ಲಿ ಇಟ್ಟಿದ್ದಾರೆ. 'ಎರಡು ಗಂಟೆ ಕೇಳ್ದೆ, ಲಿಂಕ್ ತುಂಬ್ದೆ, ಸರ್ಟಿಫಿಕೇಟ್ ಬಂತು. ನಾನು ಹಾಡಿದ್ದನ್ನ ಮಾತ್ರ ಯಾರೂ ಕೇಳ್ಲಿಲ್ಲ ಕಣ್ರೋ' ಅಂದರು.

ಕೇಳೋಕೆ ಪ್ರಯತ್ನಪಟ್ಟಿದ್ದರೂ ಕೇಳುತ್ತಿರಲಿಲ್ಲ. ಇಲ್ಲಿಂದ ಮುಂದೆ ನಮ್ಮ ಸಬ್ಜೆಕ್ಟು.

ವಿಡಿಯೋ ಮೀಟಿಂಗ್ ಆ್ಯಪ್‌ಗಳನ್ನ ಕಟ್ಟಿರೋದು ಮಾತಿಗೆ. ಬದಲಾಗ್ತಾ ಇರೋ ಸದ್ದು ಮಾತು, ಬದಲಾಗದೆ ಒಂದೇ ಸಮ ಬರ್ತಾ ಇರೋದು ಗದ್ದಲ ಅನ್ನೋದು ನಾಯ್ಸ್ ಸಪ್ರೆಷನ್ನಿನ ಹಳೇ ಲೆಕ್ಕ. ಫ್ಯಾನು, ಎಸಿ, ಮಿಕ್ಸಿ ಎಲ್ಲ ಹೀಗೇ ಸೋಸಿ ಹೋಗ್ತವೆ. ಈಗ ಯೋಚನೆ ಮಾಡಿ, ಸಂಗೀತದ ಕ್ಲಾಸಿನಲ್ಲಿ ಮೊದಲಿಂದ ಕೊನೆವರೆಗೂ ಒಂದೇ ಸಮ ಬರೋದು ಯಾವುದು? ಶ್ರುತಿ! ಆ್ಯಪ್ ತಂಬೂರಿಯನ್ನ ಫ್ಯಾನ್ ಅಂದುಕೊಂಡು ಒರೆಸಿ ಹಾಕುತ್ತಿತ್ತು. ಉದ್ದಕ್ಕೆ ನಿಲ್ಲಿಸಿದ ಷಡ್ಜವೂ ಅರ್ಧಕ್ಕೆ ಕರಗಿ ಹೋಗುತ್ತಿತ್ತು. ದೊಡ್ಡಬಳ್ಳಾಪುರದಲ್ಲಿ ಇನ್ನೊಂದು ತಮಾಷೆ. ಲಾಕ್‌ಡೌನ್ ಸಡಿಲವಾಗಿ ಮಗ್ಗಗಳು ಮತ್ತೆ ಓಡೋಕೆ ಶುರುವಾದ ಮೇಲೆ ಪಕ್ಕದ ಮನೆ ಪವರ್‌ಲೂಮಿನ ಟಕಟಕ ಮಾತ್ರ ಆರಾಮಾಗಿ ಆ ಕಡೆ ತಲುಪುತ್ತಿತ್ತು. ಬಿಟ್ಟು ಬಿಟ್ಟು ಬರೋ ಸದ್ದನ್ನ ಸೋಸೋದು ಅದಕ್ಕೆ ಕಷ್ಟ ನೋಡಿ.

ಎಕೋ ಕ್ಯಾನ್ಸಲೇಶನ್ ಬೇರೆ. ಇಬ್ಬರು ಒಟ್ಟಿಗೆ ಹಾಡಿದರೆ ಒಬ್ಬರ ದನಿಯನ್ನ ಅದು ತಗ್ಗಿಸಿಬಿಡುತ್ತೆ. ಇನ್ನು ಲೇಟೆನ್ಸಿ. ಮಾತಿಗೆ ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡ್ ಒಳಗಿದ್ದರೆ ತೊಂದರೆ ಇಲ್ಲ ಅನ್ನುತ್ತೆ ಐಟಿಯು ಶಿಫಾರಸು. ಹೋಗಿ ಬರೋಕೆ 300. ಸರಳೆ ವರಸೆಯನ್ನ ಸೆಕೆಂಡಿಗೆ ಒಂದು ಅಕ್ಷರದಂತೆ ತಾಳ ಹಾಕಿ ಹಾಡಿದರೆ ಮೂರನೇ ಕಾಲದಲ್ಲಿ ಒಂದು ಸ್ವರಕ್ಕೆ ಸಿಗೋದು 250 ಮಿಲಿಸೆಕೆಂಡ್. ಅಂದ್ರೆ ಗುರುಗಳ ತಾಳ ಕೇಳಿ ಶಿಷ್ಯ ಹಾಡಿದ್ದು ಗುರುಗಳಿಗೆ ವಾಪಸ್ ಮುಟ್ಟೋ ಹೊತ್ತಿಗೆ ಅವರು ಒಂದು ಸ್ವರ ದಾಟಿ ಮುಂದೆ ಹೋಗಿರ್ತಾರೆ. ಇನ್ನೊಂದು ರೀತಿ ಹೇಳೋದಾದ್ರೆ, 150 ಮಿಲಿಸೆಕೆಂಡಿನಲ್ಲಿ ಸದ್ದು ಗಾಳಿಯಲ್ಲಿ ಸುಮಾರು 50 ಮೀಟರ್ ಹೋಗುತ್ತೆ. ಗುರುಗಳು ಫುಟ್‌ಬಾಲ್ ಮೈದಾನದ ಮಧ್ಯದ ಗೆರೆ ಮೇಲೆ, ಶಿಷ್ಯ ಗೋಲ್ ಪೋಸ್ಟ್ ಹತ್ತಿರ. ಹೀಗೆ ನಿಂತು ಯಾರಾದರೂ ಜೊತೆಯಲ್ಲಿ ಹಾಡ್ತಾರಾ?

ಪರಿಹಾರ ಇರಲಿಲ್ಲ ಅಂತಲ್ಲ. ಸ್ಟ್ಯಾನ್‌ಫರ್ಡ್‌ನ ಸಂಗೀತ ಸಂಶೋಧಕರು ಕಟ್ಟಿದ ಜ್ಯಾಕ್‌ಟ್ರಿಪ್ ಇತ್ತು, ಜಾಮುಲಸ್ ಇತ್ತು. ಅವಕ್ಕೆ ಲ್ಯಾಪ್‌ಟಾಪ್, ತಂತಿ ಇಂಟರ್‌ನೆಟ್, ಒಳ್ಳೇ ಹೆಡ್‌ಫೋನ್ ಬೇಕು. ಜೂಮ್ ಕೂಡ 2020ರ ದ್ವಿತೀಯಾರ್ಧದಲ್ಲಿ ಸಂಗೀತಕ್ಕೆ ಅಂತಲೇ ಉತ್ತಮ ಗುಣಮಟ್ಟದ ಆಡಿಯೋ ಆಯ್ಕೆ ಕೊಟ್ಟಿತು. ಆದರೆ ಅಂಥ ಸೆಟಿಂಗ್ ಒಂದಿದೆ ಅನ್ನೋದೇ ನಾವು ಮಾತಾಡಿಸಿದ ಯಾರಿಗೂ ಗೊತ್ತಿರಲಿಲ್ಲ. ಅಷ್ಟೊಂದು ವೆಬಿನಾರ್‌ಗಳಲ್ಲಿ ಇದೊಂದನ್ನ ಹೇಳಿದ್ದರೆ ಸಾಕಿತ್ತು ಅಂತ ನಮಗೆ ಈಗಲೂ ಸಿಟ್ಟು ಬರುತ್ತೆ.

ಹಾಗಾದರೆ ಏನು ನಡೀತು? ವಾಟ್ಸಾಪ್ ನಡೀತು. ಒಬ್ಬರು ಹಾಡು ರೆಕಾರ್ಡ್ ಮಾಡಿ ಕಳಿಸೋದು, ಇನ್ನೊಬ್ಬರು ಬಿಡುವಾದಾಗ ಕೇಳಿ, ಚರಣದ ಎರಡನೇ ಸಾಲಿನಲ್ಲಿ ಗಾಂಧಾರ ಸ್ವಲ್ಪ ಇಳೀತು ನೋಡಿ ಅಂತ ವಾಪಸ್ ಹಾಡಿ ಕಳಿಸೋದು. ಯಾವ ತರಬೇತಿಯೂ ಹೇಳಿಕೊಡದೆ ಅವರವರೇ ಕಂಡುಕೊಂಡ ದಾರಿ ಇದು. ಲೈವ್ ಅಲ್ಲದ ಕಾರಣ ಲೇಟೆನ್ಸಿ ಕಾಟ ಇಲ್ಲ. 64 ಕೆಬಿಪಿಎಸ್‌ನಲ್ಲಿ ಮೂರು ನಿಮಿಷದ ಹಾಡು ಒಂದೂವರೆ ಎಂಬಿ ಒಳಗೆ ಮುಗಿಯುತ್ತೆ. ಒಂದು ಗಂಟೆಯ ವಿಡಿಯೋ ಕ್ಲಾಸು ದಿನದ 1.5 ಜಿಬಿ ಪ್ಯಾಕಿನ ದೊಡ್ಡ ಪಾಲನ್ನೇ ನುಂಗುತ್ತೆ. ಇನ್ನೂ ಮುಖ್ಯವಾದದ್ದು, ರೆಕಾರ್ಡ್ ಮಾಡಿದವರು ಕಳಿಸೋ ಮುಂಚೆ ತಮ್ಮ ಹಾಡನ್ನ ತಾವೇ ನಾಲ್ಕು ಸಲ ಕೇಳ್ತಾರೆ. ಅದಕ್ಕಿಂತ ಒಳ್ಳೇ ತರಬೇತಿ ಯಾವುದಿದೆ?

ಸಂಗೀತ ಗುರುಮುಖೇನವೇ ಬರಬೇಕು, ಆನ್‌ಲೈನ್‌ನಲ್ಲಿ ಆಗಲ್ಲ ಅನ್ನೋರು ನಮ್ಮ ಸಂಘದಲ್ಲೂ ಇದ್ದಾರೆ. ಮೊದಲ ಸಲ 'ಸ' ಹಿಡಿಯೋ ಮಗುವಿನ ಮಟ್ಟಿಗೆ ಈ ಮಾತು ನಾವೂ ಒಪ್ತೇವೆ. ಶಿಕ್ಷಕರ ಕಥೆ ಬೇರೆ. ಅವರಿಗೆ ಶ್ರುತಿ, ತಾಳ ಗೊತ್ತು. ನಲವತ್ತು ಮಕ್ಕಳಿಗೆ ಒಂದು ಹಾಡನ್ನ ಎಷ್ಟು ತುಂಡು ಮಾಡಿ ಹೇಳಿಕೊಡಬೇಕು, ಗಂಡುಮಕ್ಕಳ ಗಂಟಲು ಒಡೆಯೋ ವಯಸ್ಸಲ್ಲಿ ಯಾವ ಮನೆಗೆ ಶ್ರುತಿ ಇಡಬೇಕು, ಹೊಸ ಭಾವಗೀತೆ ಯಾವುದು ಕಲಿಸಬಹುದು, ಇಂಥದ್ದನ್ನ ಕೇಳೋಕೆ ಅವರಿಗೆ ಜೊತೆಯವರು ಬೇಕು. ಗಣಿತದ ಮೇಷ್ಟ್ರಿಗೆ ಕ್ಲಸ್ಟರ್ ಸಭೆಯಲ್ಲಿ ಹತ್ತು ಜನ ಗಣಿತದವರು ಸಿಕ್ತಾರೆ. ಸಂಗೀತ ಶಿಕ್ಷಕರ ಹುದ್ದೆ ಇರೋದೇ ಕೆಲವು ಪ್ರೌಢಶಾಲೆಗಳಲ್ಲಿ, ಹಾಗಾಗಿ ಅವರು ಹೋದಲ್ಲೆಲ್ಲ ಒಂಟಿ. ಅದರ ಮೇಲೆ ನಮ್ಮ ಜಿಲ್ಲೆಯ ನಕ್ಷೆ ನೋಡಿ, ಬೆಂಗಳೂರಿನ ಸುತ್ತ ಹರಡಿಕೊಂಡಿದೆ. ನೆಲಮಂಗಲದವರು ಬಸ್ಸಲ್ಲಿ ಹೊಸಕೋಟೆಗೆ ಹೋಗಬೇಕಂದ್ರೆ ಮೆಜೆಸ್ಟಿಕ್‌ಗೆ ಬಂದು ಇನ್ನೊಂದು ಬಸ್ ಹಿಡೀಬೇಕು, ಊರು ಪೂರ್ತಿ ದಾಟಬೇಕು. ಜಿಲ್ಲಾಡಳಿತ ಭವನ ಇರೋ ಬೀರಸಂದ್ರಕ್ಕೆ ಹೋಗೋದೂ ಅರ್ಧ ದಿನದ ಕೆಲಸ. ನಾಲ್ಕು ತಾಲ್ಲೂಕಿನ ಸಂಗೀತದವರು ದಿನಾ ಒಬ್ಬರನ್ನೊಬ್ಬರು ಕೇಳಿಸಿಕೊಂಡದ್ದು ಆ ಕೆಟ್ಟ ಎರಡು ವರ್ಷಗಳಲ್ಲೇ.

ಶಾಲೆ ತೆರೆದ ಮೇಲೆ ಆ ಗುಂಪುಗಳಲ್ಲಿ ಈಗ ಬರೋದು ಗುಡ್ ಮಾರ್ನಿಂಗ್ ಮೆಸೇಜು, ಹಬ್ಬದ ಶುಭಾಶಯ. ತರಬೇತಿ ಅಂದ್ರೆ ಮತ್ತೆ ಹಾಲ್‌ನಲ್ಲಿ ಕೂತು ಭಾಷಣ ಕೇಳಿ ಊಟ ಮಾಡಿ ಬರೋದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಯ ವೃತ್ತಿ ಕಲಿಕೆ ಇರಲಿ ಅನ್ನುತ್ತೆ. ಅದರಲ್ಲಿ ಹತ್ತು ಗಂಟೆಯನ್ನಾದರೂ ಹೀಗೆ ಹಾಡು ಕಳಿಸಿ, ಕೇಳಿ, ತಿದ್ದೋದಕ್ಕೆ ಲೆಕ್ಕ ಹಾಕಲಿ ಅನ್ನೋದು ನಮ್ಮ ವಾದ. ಸಂಗೀತ ಶಿಕ್ಷಕರೇ ಇಲ್ಲದ ಶಾಲೆಗೂ ಇದು ಬೇಕು. 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ನಾಡಗೀತೆಯನ್ನ ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಅಂತ ಆದೇಶ ಮಾಡಿತು. ಸರಿ. ಹಾಡು ಕಲಿಯದ ಒಬ್ಬ ಸಮಾಜದ ಮೇಷ್ಟ್ರು ತಾನು ಹೇಳಿಕೊಡ್ತಿರೋದು ಸರಿಯಿದೆಯಾ ಅಂತ ಯಾರನ್ನ ಕೇಳಬೇಕು?

ನಮ್ಮ ಪಾಲಿನ ಕೆಲಸವೂ ಇದೆ. ಶ್ರುತಿ ಪೆಟ್ಟಿಗೆ ಹಿಡಿದು ಓಡಾಡೋರು ಎಲೆಕ್ಟ್ರಾನಿಕ್ ತಂಬೂರಿ ಕಂಡದ್ದು 1970ರ ದಶಕದ ಕೊನೆಯಲ್ಲಿ. ಅದನ್ನ ಮಾಡಿದ್ದು ಇದೇ ಬೆಂಗಳೂರಿನ ಎಂಜಿನಿಯರ್, ಕೊಳಲು ವಾದಕರೂ ಆದ ರಡೆಲ್ ಸಂಸ್ಥೆಯ ಜಿ. ರಾಜ್‌ನಾರಾಯಣ್. ಸಂಗೀತ ಗೊತ್ತಿರೋ ಎಂಜಿನಿಯರ್ ಒಬ್ಬರು ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಅದು ಸಾಕ್ಷಿ. ನಾವು ಅಷ್ಟು ದೊಡ್ಡದೇನೂ ಮಾಡಬೇಕಿಲ್ಲ. ಪ್ರತಿ ವರ್ಷ ಅದೇ ಫೇಸ್ ರೆಕಗ್ನಿಷನ್ ಅಟೆಂಡೆನ್ಸ್ ಪ್ರಾಜೆಕ್ಟ್ ಮಾಡೋ ಬದಲು ಒಂದು ತಂಡ ಶ್ರುತಿಯನ್ನ ಉಳಿಸಿಕೊಂಡು ಮಗ್ಗದ ಸದ್ದನ್ನಷ್ಟೇ ತೆಗೆಯೋ ಫಿಲ್ಟರ್ ಪ್ರಯತ್ನಿಸಬಹುದು. ಅದೂ ಕಷ್ಟ ಅಂದ್ರೆ, ಮೊಬೈಲನ್ನ ಬಾಯಿಗೆ ಎಷ್ಟು ದೂರ ಇಡಬೇಕು, ಯಾವ ಆ್ಯಪಿನಲ್ಲಿ ಯಾವ ಸೆಟಿಂಗ್ ಆಫ್ ಮಾಡಬೇಕು, ವಾಯ್ಸ್ ನೋಟ್ ಬದಲು ಆಡಿಯೋ ಫೈಲನ್ನ ಡಾಕ್ಯುಮೆಂಟ್ ಆಗಿ ಕಳಿಸಿದರೆ ದನಿ ಯಾಕೆ ಕೆಡಲ್ಲ, ಇಷ್ಟನ್ನ ಕನ್ನಡದಲ್ಲಿ ಒಂದು ಪುಟ ಬರೆದು ನಾಲ್ಕು ತಾಲ್ಲೂಕಿಗೂ ತಲುಪಿಸಬಹುದು.

ಶನಿವಾರ ಮಧ್ಯಾಹ್ನ ಇಸಿ ಲ್ಯಾಬ್ ಖಾಲಿ ಇರುತ್ತೆ. ಎಚ್ಒಡಿ ಅವರಿಗೆ ಅನುಮತಿ ಪತ್ರ ಬರೆಯೋಕೆ ಒಬ್ಬರು, ಹಾಡು ಬರೋರು ಇಬ್ಬರು, ಡಿಎಸ್‌ಪಿ ಪಾಸಾದವರು ಎಷ್ಟಿದ್ದರೆ ಅಷ್ಟು ಜನ ಬೇಕು.