‘ಪ್ರೊಟೆಕ್ಟ್’ ಹೇಡಿಗಳ ಪಟ್ಟೇ?

ಸಂಘದ ಕಳೆದ ಗೋಷ್ಠಿಯಲ್ಲಿ ಎಳೆಯರ ವಿನೋದಗಳನ್ನು ಕುರಿತು ಉಪನ್ಯಾಸ ಮಾಡಿದ ಮಾನ್ಯ ಮಿತ್ರರೊಬ್ಬರು, ಪೋಕೆಮಾನ್ ಎಂಬ ಜಪಾನ್ ದೇಶದ ವೀಡಿಯೋ ಆಟವನ್ನು ಎತ್ತಿಕೊಂಡು, ಅದರಲ್ಲಿರುವ ‘ಪ್ರೊಟೆಕ್ಟ್’ ಎಂಬ ಪಟ್ಟನ್ನು ಬಹುವಾಗಿ ಜರೆದರು. ಹೊಡೆಯಬೇಕಾದ ಹೊತ್ತಿನಲ್ಲಿ ಮರೆಹೊಕ್ಕು ಕುಳಿತುಕೊಳ್ಳುವ ಹೇಡಿತನವನ್ನು ಈ ಪಟ್ಟು ಮಕ್ಕಳಿಗೆ ಕಲಿಸುವುದೆಂದೂ, ಮನೆಯ ಹಿರಿಯರು ಇದನ್ನು ಪ್ರೋತ್ಸಾಹಿಸಕೂಡದೆಂದೂ ಅವರು ಅಪ್ಪಣೆ ಕೊಡಿಸಿದರು. ಸಭಿಕರು ಕರತಾಡನ ಮಾಡಿದರು. ಉಪನ್ಯಾಸಕರ ವಿದ್ವತ್ತಿನಲ್ಲಿ ನಮಗೆ ಗೌರವವುಂಟು. ಅವರ ಸಿದ್ಧಾಂತದಲ್ಲಿ ಮಾತ್ರ ಎಳ್ಳಷ್ಟೂ ಸಮ್ಮತಿಯಿಲ್ಲ. ಒಂದು ವಸ್ತುವನ್ನು ಖಂಡಿಸಹೊರಟವನು ಮೊದಲು ಅದರ ಲಕ್ಷಣವನ್ನು ಅರಿತಿರಬೇಕೆಂಬುದು ಪಾಠಶಾಲೆಯ ಮೊದಲ ಪಾಠ. ನಾವು ಮೊಮ್ಮಕ್ಕಳ ಮಗ್ಗುಲಲ್ಲಿ ಕುಳಿತು ಹಲವು ರಜೆಗಳಲ್ಲಿ ಈ ಆಟವನ್ನು ನೋಡಿದ್ದೇವೆ. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಆ ಮಕ್ಕಳಿಗೆ ಬೇಸರವನ್ನೂ ತಂದಿದ್ದೇವೆ. ಆ ಬಲದ ಮೇಲೆ ಈ ನಾಲ್ಕು ಮಾತು.

ಆಟವನ್ನು ಕಾಣದ ವಾಚಕರಿಗಾಗಿ ಅದರ ಸ್ವರೂಪವನ್ನು ಮೊದಲು ತಿಳಿಸತಕ್ಕದ್ದು. ಸತೋಶಿ ತಾಜಿರಿ ಎಂಬವರೂ ಅವರ ‘ಗೇಮ್ ಫ್ರೀಕ್’ ಸಂಸ್ಥೆಯವರೂ ರಚಿಸಿದ ಈ ಮಾಲೆಯ ಮೊದಲ ಆಟಗಳು 1996ರ ಫೆಬ್ರವರಿ 27ರಂದು ಜಪಾನಿನಲ್ಲಿ, ನಿಂಟೆಂಡೊ ಕಂಪನಿಯ ‘ಗೇಮ್ ಬಾಯ್’ ಎಂಬ ಕೈಯಂತ್ರಕ್ಕಾಗಿ ಹೊರಬಂದುವು. ಆಟಗಾರನು ವಿಚಿತ್ರ ಜಂತುಗಳನ್ನು ಹಿಡಿದು, ಪಳಗಿಸಿ, ಮತ್ತೊಬ್ಬನ ಜಂತುಗಳೊಡನೆ ಕಾಳಗಕ್ಕೆ ಬಿಡುವನು. ಒಂದೊಂದು ಜಂತುವಿಗೂ ನಾಲ್ಕು ಪಟ್ಟುಗಳಿಗೆ ಮೀರಿ ನೆನಪಿನಲ್ಲಿ ಸ್ಥಳವಿಲ್ಲ. ಚದುರಂಗದಲ್ಲಿ ಒಬ್ಬನು ನಡೆಸಿದ ಮೇಲೆ ಮತ್ತೊಬ್ಬನು ನಡೆಸುವನಷ್ಟೆ, ಇಲ್ಲಿ ಹಾಗಲ್ಲ. ಪ್ರತಿಯೊಂದು ಸರದಿಯಲ್ಲಿಯೂ ಇಬ್ಬರೂ ತಮ್ಮ ತಮ್ಮ ಪಟ್ಟುಗಳನ್ನು ಗುಟ್ಟಾಗಿ ಆರಿಸಿಕೊಳ್ಳುವರು. ಆಮೇಲೆ ಎರಡೂ ಬಯಲಿಗೆ ಬಂದು ಒಂದರ ಹಿಂದೊಂದು ನಡೆಯುವುವು. ಆದುದರಿಂದ ಎದುರಾಳಿಯ ಮನಸ್ಸನ್ನು ಊಹಿಸುವುದೇ ಈ ಆಟದ ಜೀವಾಳ.

‘ಪ್ರೊಟೆಕ್ಟ್’ ಎಂಬುದು 1999ರಲ್ಲಿ ಹೊರಟ ‘ಗೋಲ್ಡ್’, ‘ಸಿಲ್ವರ್’ ಎಂಬ ಆಟಗಳಲ್ಲಿ ಸೇರಿತು. ಜಪಾನೀ ಭಾಷೆಯಲ್ಲಿ ಇದರ ಹೆಸರು ‘ಮಾಮೊರು’. ಎಂದರೆ ‘ಕಾಯು’ ಎಂಬ ಬರಿಯ ಕ್ರಿಯಾಪದ. ಇದನ್ನು ನಾವು ಕಾಪು ಎಂದು ಕರೆಯೋಣ. ಕಾಪನ್ನು ಆರಿಸಿದ ಜಂತು ಎದುರಾಳಿ ಎಷ್ಟೇ ಚುರುಕಾಗಿದ್ದರೂ ಅವನಿಗಿಂತ ಮೊದಲು ಮೈಮುಚ್ಚಿಕೊಳ್ಳುವುದು. ಆ ಸರದಿಯಲ್ಲಿ ಅದರ ಮೇಲೆ ಬಂದ ಹೊಡೆತಗಳು ಹೆಚ್ಚುಕಡಮೆ ಎಲ್ಲವೂ ನಿಷ್ಫಲ. ತಾನು ಮಾತ್ರ ಯಾರಿಗೂ ಒಂದು ಗೀರನ್ನೂ ಮಾಡದು. ಇದರ ಮೇಲೆ ನಿಯಾಮಕರು ಒಂದು ಅಂಕೆಯನ್ನಿಟ್ಟಿರುವರು. ಬೆನ್ನುಬೆನ್ನಿಗೆ ಎರಡನೆಯ ಸಲ ಕಾಪು ಹಿಡಿದರೆ ಅದು ಫಲಿಸುವ ಸಂಭವ ಮೂರರಲ್ಲಿ ಒಂದು ಪಾಲು. ಮೂರನೆಯ ಸಲ ಒಂಬತ್ತರಲ್ಲಿ ಒಂದು ಪಾಲು. 2013ಕ್ಕೆ ಹಿಂದಿನ ಆಟಗಳಲ್ಲಿ ಈ ಇಳಿತ ಅರ್ಧ, ಕಾಲು ಎಂಬ ಕ್ರಮದಲ್ಲಿದ್ದಿತು. ನಡುವೆ ಬೇರೊಂದು ಪಟ್ಟನ್ನು ಪ್ರಯೋಗಿಸಿದರೆ ಕಾಪಿಗೆ ಮೊದಲಿನ ಸತ್ತ್ವ ಮರಳುವುದು.

ಇನ್ನು ಪೂರ್ವಪಕ್ಷ. ಆಕ್ಷೇಪಕರು ಮೂರು ದೋಷಗಳನ್ನು ಆರೋಪಿಸುವರು: ಇದು ಹೇಡಿತನ; ಇದರಿಂದ ಸರದಿ ವ್ಯರ್ಥ; ಇದರಿಂದ ಕಾಳಗ ಎಳೆದಾಡಿ ನೀರಸವಾಗುವುದು.

ಮೊದಲನೆಯದನ್ನು ನೋಡೋಣ. ಹೇಡಿ ಯಾರು? ಕಣವನ್ನು ಬಿಟ್ಟು ಹೋಗುವವನು. ದಣಿದ ಜಂತುವನ್ನು ಹಿಂದಕ್ಕೆ ಕರೆದುಕೊಂಡು ಮತ್ತೊಂದನ್ನು ಮುಂದೆ ಬಿಡುವ ಅವಕಾಶ ಈ ಆಟದಲ್ಲಿಯೇ ಉಂಟು. ಅದನ್ನು ಯಾರೂ ಹೇಡಿತನವೆನ್ನಲಿಲ್ಲ. ಕಾಪು ಹಿಡಿದ ಜಂತುವಾದರೋ ನಿಂತ ನೆಲವನ್ನು ಬಿಡದು. ಹೊಡೆತವನ್ನು ಎದುರಿಗೇ ನಿಂತು ಸ್ವೀಕರಿಸಿ ತಡೆಯುವುದು. ಮೇಲಾಗಿ ಹೇಡಿಯ ಆಶ್ರಯಕ್ಕೆ ಬೆಲೆಯಿಲ್ಲ, ಅವಧಿಯೂ ಇಲ್ಲ. ಕಾಪಿಗೆ ಎರಡೂ ಉಂಟು. ನಾಲ್ಕೇ ಪಟ್ಟುಗಳ ಗಂಟಿನಲ್ಲಿ ಒಂದನ್ನು ಇದಕ್ಕಾಗಿ ತೆರಬೇಕು, ಸರದಿಯನ್ನೂ ತೆರಬೇಕು, ಮರುಸರದಿಯಲ್ಲಿ ಮೈದೆರೆದು ನಿಲ್ಲಲು ಸಿದ್ಧನಿರಬೇಕು. ಹೆದರಿಕೆಯಿಂದ ಮತ್ತೆ ಮತ್ತೆ ಕಾಪಿನೊಳಕ್ಕೆ ನುಗ್ಗುವವನನ್ನು ಆಟದ ಕಟ್ಟಳೆಯೇ ದಂಡಿಸುವುದು. ಹೀಗಿರಲು ಹೇಡಿತನವನ್ನು ಕಲಿಸುವ ಪಟ್ಟೆಂದು ಇದನ್ನು ಕರೆಯುವುದು ಹೇತ್ವಾಭಾಸವಲ್ಲದೆ ಮತ್ತೇನು?

ಎರಡನೆಯದು, ಸರದಿ ವ್ಯರ್ಥವೆಂಬುದು. ಒಂಟಿ ಕಾಳಗವನ್ನು ಮಾತ್ರ ಕಂಡವರ ಮಾತಿದು. ಪೋಕೆಮಾನ್ ಕಂಪನಿಯವರ ವಿಶ್ವಸ್ಪರ್ಧೆಗಳಲ್ಲಿ ಜೋಡಿ ಕಾಳಗವೇ ಪದ್ಧತಿ. ಒಬ್ಬೊಬ್ಬನ ಪಕ್ಷದಲ್ಲಿಯೂ ಏಕಕಾಲಕ್ಕೆ ಎರಡು ಜಂತುಗಳು ನಿಲ್ಲುವುವು. ಎದುರಾಳಿಯ ಎರಡು ಜಂತುಗಳೂ ನಮ್ಮ ಒಂದರ ಮೇಲೆಯೇ ಎರಗಿದುವೆನ್ನೋಣ. ಆ ಒಂದು ಕಾಪು ಹಿಡಿಯಿತು. ನಮ್ಮ ಒಂದು ಪ್ರಯತ್ನ ಹೋಯಿತು, ಅವನ ಎರಡು ಹೋದುವು, ನಮ್ಮ ಎರಡನೆಯ ಜಂತು ನಿರಾತಂಕವಾಗಿ ತನ್ನ ಕೆಲಸವನ್ನು ಮಾಡಿತು. ವ್ಯರ್ಥವಾದುದು ಯಾರ ಸರದಿ? ಮತ್ತೊಂದು ದೃಷ್ಟಾಂತ: ‘ಅರ್ತ್‌ಕ್ವೇಕ್’ ಎಂಬ ಪಟ್ಟು ನೆಲವನ್ನೇ ನಡುಗಿಸುವುದರಿಂದ ಶತ್ರುಗಳಿಬ್ಬರಿಗೂ ತಗಲುವುದು, ಪಕ್ಕದ ಜತೆಗಾರನಿಗೂ ತಗಲುವುದು. ಜತೆಗಾರನು ಅದೇ ಸರದಿಯಲ್ಲಿ ಕಾಪು ಹಿಡಿದರೆ ಪೆಟ್ಟು ಶತ್ರುಗಳ ಪಾಲಿಗೆ ಮಾತ್ರ. ಇಲ್ಲಿ ಒಬ್ಬನ ಸುಮ್ಮನಿರುವಿಕೆಯೇ ಇನ್ನೊಬ್ಬನ ಪರಾಕ್ರಮಕ್ಕೆ ದಾರಿ ಮಾಡಿಕೊಟ್ಟಿತು. ಇದಲ್ಲದೆ ನಿಧಾನಿಗಳನ್ನು ಮುಂದೆ ಮಾಡುವ ‘ಟ್ರಿಕ್ ರೂಮ್’ ಮೊದಲಾದ ಪ್ರಭಾವಗಳು ಕೆಲವೇ ಸರದಿಗಳವರೆಗೆ ನಿಲ್ಲತಕ್ಕವು. ಸಮಯ ನೋಡಿ ಹಿಡಿದ ಒಂದು ಕಾಪು ಎದುರಾಳಿಯ ಆ ಸುಮುಹೂರ್ತದಲ್ಲಿ ಒಂದಂಶವನ್ನು ಕರಗಿಸಿಬಿಡುವುದು. ಈ ಕಾರಣಗಳಿಂದಲೇ ಜೋಡಿ ಕಾಳಗದ ಅನುಭವಿಗಳು ತಮ್ಮ ಬಹುತರ ಜಂತುಗಳಿಗೆ ಈ ಪಟ್ಟನ್ನು ಕಲಿಸಿರುವುದು ವಾಡಿಕೆ.

ಅರ್ಥಶಾಸ್ತ್ರವನ್ನು ಓದಿದ ನಮ್ಮ ಮಿತ್ರರಿಗೆ ಇದು ಹೊಸದಾಗಿ ಕಾಣಬಾರದಾಗಿದ್ದಿತು. ಕೌಟಿಲ್ಯನು ಎಣಿಸಿದ ಆರು ಗುಣಗಳಲ್ಲಿ ವಿಗ್ರಹವೂ ಯಾನವೂ ಇರುವಂತೆಯೇ ಆಸನವೂ ಇದೆ. ತನ್ನ ಎಡೆಯಲ್ಲಿ ಕದಲದೆ ಕಾಲವನ್ನು ನಿರೀಕ್ಷಿಸುವುದು ರಾಜನೀತಿಯ ಒಂದು ಅಂಗವೆಂದು ಒಪ್ಪುವವರು, ಅದನ್ನೇ ಹತ್ತು ವರ್ಷದ ಬಾಲಕನು ಮಾಡಿದಾಗ ಹೇಡಿತನವೆಂದು ಕರೆಯುವುದು ಯಾವ ನ್ಯಾಯ?

ಮೂರನೆಯ ಆಕ್ಷೇಪಕ್ಕೆ ಮಾತ್ರ ಕಿಂಚಿತ್ ಆಧಾರವುಂಟು. ‘ಟಾಕ್ಸಿಕ್’ ಎಂಬ ಪಟ್ಟಿನಿಂದ ಎದುರಾಳಿಗೆ ವಿಷವನ್ನೇರಿಸಿದರೆ ಆ ವಿಷ ಸರದಿಯಿಂದ ಸರದಿಗೆ ಬಲಿಯುತ್ತ ಹೋಗುವುದು. ವಿಷವನ್ನೇರಿಸಿ ತಾನು ಕಾಪಿನೊಳಗಿದ್ದು ಶತ್ರುವು ಸೊರಗುವುದನ್ನು ನೋಡುತ್ತಿರುವ ಆಟಗಾರರು ಇರುವರು. ಇದು ನೋಡುವವರಿಗೆ ರುಚಿಸದೆಂಬುದು ನಿಜ. ಆದರೆ ಮೇಲೆ ಹೇಳಿದ ಅಂಕೆ ಇಲ್ಲಿಯೂ ಕಾವಲಿದೆ. ಆ ಆಟಗಾರನು ಸರದಿ ಬಿಟ್ಟು ಸರದಿ ಮೈದೆರೆಯಲೇಬೇಕು. ತೆರೆದ ಆ ಗಳಿಗೆಯನ್ನು ಬಳಸಿಕೊಳ್ಳಲಾರದವನು ಕಾಪನ್ನು ಬೈದರೆ ಏನು ಫಲ? ಅಡುಗೆಯಲ್ಲಿ ಉಪ್ಪು ಹೆಚ್ಚಾಯಿತೆಂದು ಉಪ್ಪನ್ನೇ ಮನೆಯಿಂದ ಹೊರಹಾಕುವವರುಂಟೆ?

ಮಿತ್ರರಿಗೆ ಖಂಡಿಸಲೇಬೇಕೆಂಬ ಉತ್ಸಾಹವಿದ್ದರೆ ಅದಕ್ಕೆ ತಕ್ಕ ವಿಷಯವನ್ನು ನಾವೇ ಒದಗಿಸುವೆವು. 2006ರ ‘ಡೈಮಂಡ್’, ‘ಪರ್ಲ್’ ಆಟಗಳಲ್ಲಿ ಕಾಪನ್ನು ಒಡೆಯುವ ‘ಫೇಂಟ್’ ಎಂಬ ಪಟ್ಟು ಬಂದಿತು. ಅದು ಧರ್ಮ್ಯವಾದ ಆಯುಧ. ಏಕೆಂದರೆ ಆ ಆಟಗಳಲ್ಲಿ ಎದುರಾಳಿ ಕಾಪು ಹಿಡಿದಿದ್ದರೆ ಮಾತ್ರ ಅದು ತಗಲುತ್ತಿದ್ದಿತು. ಊಹೆ ತಪ್ಪಿದರೆ ಪ್ರಯೋಗಿಸಿದವನ ಸರದಿಯೇ ನಷ್ಟ. ಬುದ್ಧಿಗೆ ಬುದ್ಧಿಯೇ ಎದುರಾಗಿ ನಿಂತಿತು. 2020ರಲ್ಲಿಯಾದರೋ ‘ಸೋರ್ಡ್’, ‘ಶೀಲ್ಡ್’ ಆಟಗಳಿಗೆ ಸೇರಿಸಿದ ಹೊಸ ಭಾಗದಲ್ಲಿ ‘ಅರ್ಶಿಫು’ ಎಂಬ ಜಂತುವಿಗೆ ‘ಅನ್‌ಸೀನ್ ಫಿಸ್ಟ್’ ಎಂಬ ಸಹಜಶಕ್ತಿಯನ್ನು ಕೊಟ್ಟರು. ಮೈಮುಟ್ಟಿ ಹೊಡೆಯುವ ಅದರ ಪೆಟ್ಟುಗಳೆಲ್ಲ ಕಾಪನ್ನು ಭೇದಿಸಿಕೊಂಡು ಹೋಗುವಂತಾಯಿತು. ಇದಕ್ಕೆ ಊಹೆ ಬೇಡ, ಬೆಲೆ ಬೇಡ, ಎದುರಾಳಿಯ ಮನಸ್ಸನ್ನು ಓದುವ ಶ್ರಮ ಬೇಡ, ಹೊಡೆದರೆ ಸಾಕು. ಕಾಪಿಗೆ ಅಂಕೆಯನ್ನಿಟ್ಟ ನಿಯಾಮಕರೇ ಕಾಪನ್ನು ಭೇದಿಸುವವನಿಗೆ ಅಂಕೆಯನ್ನಿಡಲಿಲ್ಲ. ಆಟ ಕೆಡುವುದು ಇಂತಹ ಕಡೆಯಲ್ಲಿ. ಹೊಡೆತವನ್ನು ಮಾತ್ರ ಪೌರುಷವೆಂದು ಕೊಂಡಾಡುವವರ ಕಣ್ಣಿಗೆ ಇದು ದೋಷವಾಗಿಯೇ ಕಾಣದಿರುವುದು ಆಶ್ಚರ್ಯ.

ಮಕ್ಕಳ ಆಟದ ಒಂದು ಪಟ್ಟಿಗಾಗಿ ಇಷ್ಟು ಮಾತೇಕೆಂದು ಕೇಳುವವರಿರಬಹುದು. ಕಾರಣವಿದೆ. ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯ ಮುಂದೆ ನಿಂತವರಿಗೆ ಗೊತ್ತಿರುವ ಸಂಗತಿಯೊಂದುಂಟು. ಪ್ರಶ್ನೆ ಮುಗಿಯುವುದಕ್ಕೆ ಮೊದಲೇ ಕೈಯೆತ್ತುವ ಹುಡುಗನನ್ನು ನಮ್ಮ ಮನೆಗಳೂ ಶಾಲೆಗಳೂ ಜಾಣನೆನ್ನುವುವು. ತುಸು ತಡೆದು, ಯೋಚಿಸಿ, ಮತ್ತೊಬ್ಬನು ಹೇಳುವುದನ್ನು ಕೇಳಿ ಆಮೇಲೆ ಬಾಯಿ ತೆರೆಯುವವನನ್ನು ಮಂದನೆನ್ನುವುವು. ಬೈದವನಿಗೆ ಆ ಕ್ಷಣದಲ್ಲಿಯೇ ಮಾರುತ್ತರ ಕೊಡದವನು ಕೈಲಾಗದವನೆಂಬ ಮಾತು ಅಡುಗೆಮನೆಯಿಂದ ಶಾಸನಸಭೆಯವರೆಗೆ ನಡೆಯುತ್ತಿದೆ. ಈ ಮೂಢನಂಬಿಕೆಯನ್ನು ಉಪದೇಶದಿಂದ ಕಳೆಯಲು ನಮ್ಮಂತಹ ಉಪಾಧ್ಯಾಯರಿಂದ ಆಗಲಿಲ್ಲ. ತಡೆಯುವುದಕ್ಕೂ ಒಂದು ಕಾಲವುಂಟು, ತಡೆಗೂ ಒಂದು ಮಿತಿಯುಂಟು, ತಡೆದ ಮೇಲೆ ಎದ್ದು ಕೆಲಸ ಮಾಡಲೇಬೇಕು, ಎಂಬ ಮೂರು ಪಾಠಗಳನ್ನು ಈ ಪುಟ್ಟ ಪಟ್ಟು ಯಾರ ಬೆದರಿಕೆಯೂ ಇಲ್ಲದೆ ಎಳೆಯರಿಗೆ ಮನವರಿಕೆ ಮಾಡಿಕೊಡುತ್ತಿದೆ. ಅದನ್ನು ಹೇಡಿತನವೆಂದು ಹೆಸರಿಟ್ಟು ಕಿತ್ತುಹಾಕಿದರೆ ಮಕ್ಕಳಲ್ಲಿ ಉಳಿಯುವುದು ಶೌರ್ಯವಲ್ಲ, ಆತುರ.

ಆಟಕ್ಕೆ ಹೊತ್ತಿನ ಮಿತಿ ಇರಲಿ, ಓದು ಮೊದಲಾಗಲಿ, ಇದರಲ್ಲಿ ನಮಗೂ ಉಪನ್ಯಾಸಕರಿಗೂ ಭೇದವಿಲ್ಲ. ಆದರೆ ಮಗುವು ಕಾಪು ಹಿಡಿದ ಸರದಿಯಲ್ಲಿ ಹಿರಿಯರು ಪಕ್ಕದಲ್ಲಿ ನಿಂತು ‘ಹೊಡೆ, ಹೊಡೆ’ ಎಂದು ಕೂಗುವುದನ್ನು ಬಿಟ್ಟು, ಏತಕ್ಕಾಗಿ ಈಗ ತಡೆದೆಯೆಂದು ಒಮ್ಮೆ ಕೇಳಿ ನೋಡಲಿ. ಬರುವ ಉತ್ತರದಲ್ಲಿ ಎದುರಾಳಿಯ ಮನಸ್ಸಿನ ಲೆಕ್ಕವಿರುವುದು, ಜತೆಗಾರನ ಕ್ಷೇಮವಿರುವುದು, ಮುಂದಿನ ಸರದಿಯ ಯೋಚನೆಯಿರುವುದು. ಅಷ್ಟನ್ನು ಕೇಳಿದ ಮೇಲೂ ಅದು ಹೇಡಿತನವೆನ್ನುವವರಿದ್ದರೆ, ಹೇಡಿತನವೆಂಬ ಶಬ್ದಕ್ಕೆ ತಾವು ಯಾವ ಅರ್ಥವನ್ನಿಟ್ಟುಕೊಂಡಿರುವರೆಂಬುದನ್ನು ಇದೇ ಪತ್ರಿಕೆಯಲ್ಲಿ ಬರೆದು ತಿಳಿಸಲಿ. ಉತ್ತರ ಕೊಡಲು ನಾವು ಸಿದ್ಧರಿದ್ದೇವೆ.