ಪದಗಳ ಬೆನ್ನು ಹತ್ತಿ: ಈಟಿ, ಗುರಾಣಿ ಮತ್ತು ‘ಆ್ಯಂಬಿವೆಲೆಂಟ್’



ಪ್ರವೇಶ ಪರೀಕ್ಷೆಗಾಗಿ ಇಂಗ್ಲಿಷ್ ಪದಪಟ್ಟಿಯನ್ನು ಉರು ಹೊಡೆಯುವವರು ನೀವು ಮಾತ್ರವಲ್ಲ. ಚೀನಾದ ವಿದ್ಯಾರ್ಥಿಗಳೂ ಜಿ.ಆರ್.ಇ.ಗಾಗಿ ಇದೇ ಪಾಡು ಪಡುತ್ತಾರೆ. ಅವರನ್ನೂ ನಮ್ಮನ್ನೂ ಕಾಡುವ ಒಂದು ಪದ ಈ ಸಲ: ‘ಆ್ಯಂಬಿವೆಲೆಂಟ್’.

ಇದರ ಅರ್ಥ ಹೇಳುವಾಗ ಚೀನೀ ನಿಘಂಟುಗಳು ‘ಮಾವ್‌ದುನ್’ ಎಂಬ ಮಾತನ್ನು ಬಳಸುತ್ತವೆ. ಮಾವ್ ಎಂದರೆ ಈಟಿ, ದುನ್ ಎಂದರೆ ಗುರಾಣಿ. ಕ್ರಿ.ಪೂ. 3ನೆಯ ಶತಮಾನದ ಚಿಂತಕ ಹಾನ್ ಫೈಯ ಹೆಸರಿನ ಗ್ರಂಥದಲ್ಲಿ ಇದರ ಕಥೆಯಿದೆ. ಚೂ ರಾಜ್ಯದ ವ್ಯಾಪಾರಿಯೊಬ್ಬ ತನ್ನ ಗುರಾಣಿಯನ್ನು ಯಾವುದೂ ಭೇದಿಸದೆಂದು ಹೊಗಳಿಕೊಂಡ. ಮರುಕ್ಷಣವೇ ತನ್ನ ಈಟಿ ಭೇದಿಸದ ವಸ್ತುವೇ ಇಲ್ಲವೆಂದ. ಹಾಗಾದರೆ ಆ ಈಟಿಯಿಂದ ಆ ಗುರಾಣಿಗೇ ತಿವಿದರೆ ಏನಾದೀತೆಂದು ಯಾರೋ ಕೇಳಿದಾಗ ಅವನ ಬಾಯಿ ಕಟ್ಟಿತು. ಹೀಗೆ ಈಟಿ-ಗುರಾಣಿ ಎಂದರೆ ಪರಸ್ಪರ ವಿರೋಧ ಎಂದಾಯಿತು.

ಸೊಗಸಾದ ಕಥೆ. ಆದರೆ ಕಲಿಯುವವರು ಎಡವುವುದೂ ಇಲ್ಲೇ. ವ್ಯಾಪಾರಿಯ ಎರಡು ಮಾತೂ ಒಟ್ಟಿಗೆ ನಿಜವಾಗಲಾರವು. ‘ಆ್ಯಂಬಿವೆಲೆಂಟ್’ ಮನಸ್ಸಿನ ಎರಡು ಭಾವಗಳು ಮಾತ್ರ ಒಟ್ಟಿಗೇ ನಿಜ. ಲ್ಯಾಟಿನ್‌ನಲ್ಲಿ ‘ಆಂಬಿ’ ಎಂದರೆ ಎರಡೂ ಕಡೆ. ‘ವಲೇರೆ’ ಎಂದರೆ ಬಲವಾಗಿರುವುದು. ಒಂದೇ ವಸ್ತುವಿನ ಮೇಲೆ ಮೋಹವೂ ಮುನಿಸೂ ಸಮಬಲದಲ್ಲಿರುವ ಈ ಸ್ಥಿತಿಗೆ 1910ರಲ್ಲಿ ಹೆಸರು ಕೊಟ್ಟವನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್.

ಇದನ್ನು ‘ಆ್ಯಂಬಿಗ್ಯುಯಸ್’ ಜೊತೆ ಬೆರೆಸಬೇಡಿ. ಮಾತಿಗೆ ಎರಡರ್ಥವಿದ್ದರೆ ಅದು ಆ್ಯಂಬಿಗ್ಯುಯಸ್. ಆಡುವವನ ಮನಸ್ಸಿಗೆ ಎರಡು ಸೆಳೆತವಿದ್ದರೆ ಅವನು ಆ್ಯಂಬಿವೆಲೆಂಟ್. ಇದು ಉದಾಸೀನವೂ ಅಲ್ಲ. ಉದಾಸೀನನಿಗೆ ಯಾವ ಸೆಳೆತವೂ ಇಲ್ಲ. ನಮ್ಮ ‘ಅತ್ತ ದರಿ, ಇತ್ತ ಪುಲಿ’ಯೂ ಸರಿಹೊಂದದು, ಏಕೆಂದರೆ ಅಲ್ಲಿ ಎರಡು ಕಡೆಯೂ ಭಯವೇ. ‘ಇಬ್ಬಗೆಯ ಮನಸ್ಸು’ ಎಂದರೆ ಹತ್ತಿರ ಬಂದೀತು.

ಒಂದು ಉದಾಹರಣೆ ನಿಮ್ಮಲ್ಲೇ ಇದೆ. ರಜೆಗೆ ಊರಿಗೆ ಹೋಗುವ ಮಾತು ಬಂದಾಗ ಅಜ್ಜಿಯ ಮನೆ ಬೇಕೆನಿಸುತ್ತದೆ. ನಿಮ್ಮ ಕನ್ನಡ ಕೇಳಿ ಚಿಕ್ಕಪ್ಪನ ಮಕ್ಕಳು ನಕ್ಕಾರೆಂಬ ಅಳುಕೂ ಇರುತ್ತದೆ. ಆಗ ಊರಿನ ಮೇಲೆ ಪ್ರೀತಿಯೇ ಇಲ್ಲವೇನೋ ಎಂದು ನೊಂದುಕೊಳ್ಳಬೇಡಿ. ಅಳುಕಿದೆ ಎಂದಮಾತ್ರಕ್ಕೆ ಪ್ರೀತಿ ಸುಳ್ಳಾಗದು. ಈಟಿ ಮಾರುವವನಂತೆ ನೀವು ಬಾಯಿ ಕಟ್ಟಿ ನಿಲ್ಲಬೇಕಾಗಿಲ್ಲ. ಅಳುಕನ್ನೂ ಜೊತೆಗೆ ಕರೆದುಕೊಂಡೇ ಊರಿಗೆ ಹೋಗಿ, ಬಂದಷ್ಟು ಕನ್ನಡ ಮಾತನಾಡಿ ಬನ್ನಿ.