ತಂದೆಯವರ ಚಿಕಿತ್ಸೆ: ಕಾಯಿಲೆಗೆ ಮುನ್ನವೇ ಆಗಬೇಕಾದ ಕೆಲಸ

ಮಂಡ್ಯ ತಾಲ್ಲೂಕಿನ ಹೊಳಲು ಹಾಗೂ ಅದರ ನೆರೆಯ ಊರುಗಳಲ್ಲಿ ಕಬ್ಬು, ಭತ್ತ ಬೆಳೆದು, ಹಸು ಸಾಕಿ, ಮಕ್ಕಳನ್ನು ಓದಿಸಿದ ಎಷ್ಟೋ ಮಂದಿ ತಂದೆಯರಿಗೆ ನಿವೃತ್ತಿ ವೇತನವೂ ಇಲ್ಲ, ಆರೋಗ್ಯ ವಿಮೆಯೂ ಇಲ್ಲ. ಎದೆ ನೋವು ಬಂದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗುತ್ತಾರೆ. ಕಾಲು ಊದಿಕೊಂಡರೆ ಗದ್ದೆಯ ಕೆಸರಿನಲ್ಲಿ ನಿಂತದ್ದರಿಂದ ಎನ್ನುತ್ತಾರೆ. ರೋಗಕ್ಕಿಂತ ಹೆಚ್ಚಾಗಿ ಅವರನ್ನು ಕಾಡುವುದು ಮಕ್ಕಳಿಗೆ ಭಾರವಾದೇನೆಂಬ ಅಂಜಿಕೆ. ಈ ಮೌನವನ್ನು ನಾವು ತಾಳ್ಮೆಯೆಂದು ಕೊಂಡಾಡುತ್ತ ಬಂದಿದ್ದೇವೆ. ಕೊಂಡಾಡುವುದನ್ನು ಬಿಟ್ಟು ಅದಕ್ಕೆ ಮದ್ದು ಹುಡುಕಬೇಕಾದ ಕಾಲ ಬಂದಿದೆ.

ಶರಣಧರ್ಮವು ದೇಹವನ್ನು ಎಂದೂ ತುಚ್ಛವಾಗಿ ಕಂಡಿಲ್ಲ. ಇಷ್ಟಲಿಂಗವನ್ನು ಧರಿಸುವ ಕಾಯವೇ ಸಾಧನೆಯ ನೆಲೆ. ಅದು ಕುಸಿದರೆ ಕಾಯಕವೂ ಇಲ್ಲ, ದಾಸೋಹವೂ ಇಲ್ಲ. ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ವೈದ್ಯವೃತ್ತಿಯನ್ನೇ ಕಾಯಕವಾಗಿಸಿಕೊಂಡ ವೈದ್ಯ ಸಂಗಣ್ಣನವರೂ ಇದ್ದರು. ಹೀಗಿರುವಾಗ ತಂದೆಯವರ ಚಿಕಿತ್ಸೆಯನ್ನು ಯೋಚಿಸದೆ ವಿಧಿಗೆ ಬಿಡುವುದು ನಮಗೆ ಒಪ್ಪುವ ಮಾತಲ್ಲ.

ಸಾಮಾನ್ಯವಾಗಿ ಆಗುವುದೇನು? ತಂದೆಯವರು ಕುಸಿದ ರಾತ್ರಿ ಸಿಕ್ಕ ವಾಹನದಲ್ಲಿ ಸಿಕ್ಕ ಆಸ್ಪತ್ರೆಗೆ ಓಡುತ್ತೇವೆ. ಮರುದಿನ ಮುಂಗಡ ಹಣ ಕೇಳುತ್ತಾರೆ. ಮೂರನೆಯ ದಿನ ಒಡವೆ ಅಡವಿಗೆ ಹೋಗುತ್ತದೆ. ಆಮೇಲೆ ಜಮೀನಿನ ಮಾತು ಬರುತ್ತದೆ. ಆದರೆ ನೆರವಿನ ದಾರಿಗಳು ಇಲ್ಲದಿಲ್ಲ. ಅವು ಕಾಗದಪತ್ರಗಳನ್ನು ಮೊದಲೇ ಸಿದ್ಧವಾಗಿಟ್ಟುಕೊಂಡವರಿಗೆ ಬೇಗ ತೆರೆಯುತ್ತವೆ. ಉಳಿದವರು ಬಾಗಿಲಲ್ಲಿ ಕಾಯಬೇಕಾಗುತ್ತದೆ.

ಮೊದಲನೆಯದು ಪಡಿತರ ಚೀಟಿ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ನಿಗದಿತ ಪ್ಯಾಕೇಜ್ ದರದ ಶೇಕಡ 30ರಷ್ಟನ್ನು ಸರ್ಕಾರ ಭರಿಸುತ್ತದೆ. ವಾರ್ಷಿಕ ಮಿತಿ ಒಂದೂವರೆ ಲಕ್ಷ. ಗ್ರಾಮ ಒನ್ ಕೇಂದ್ರದಲ್ಲಿ ಆಧಾರ್ ಮತ್ತು ಪಡಿತರ ಚೀಟಿ ತೋರಿಸಿ ಕಾರ್ಡು ಮಾಡಿಸಬಹುದು. ಒಂದು ನಿಯಮವನ್ನು ಮಾತ್ರ ಮರೆಯಬಾರದು. ಈ ಯೋಜನೆಯಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸೌಲಭ್ಯವಿಲ್ಲದ ಚಿಕಿತ್ಸೆಗೆ ಅಲ್ಲಿಂದಲೇ ಶಿಫಾರಸು ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಸಂದರ್ಭಗಳಿಗೆ ಮಾತ್ರ ಈ ಪತ್ರ ಬೇಡ. ಹೊಳಲಿನವರಿಗೆ ಮಂಡ್ಯದ ಮಿಮ್ಸ್ ಆಸ್ಪತ್ರೆಯೇ ಹತ್ತಿರದ ದೊಡ್ಡ ಬಾಗಿಲು.

ಎರಡನೆಯದು ಸಹಕಾರ ಸಂಘದ ಸದಸ್ಯತ್ವ. 2003ರಲ್ಲಿ ರೈತರಿಗಾಗಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022–23ರಲ್ಲಿ ಮರಳಿ ಬಂದಿತು. ಮರಳಿ ಬಂದಾಗ ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಹೆಚ್ಚುವರಿ ಸದಸ್ಯರಿಗೆ ತಲಾ 100 ರೂಪಾಯಿ ವಂತಿಗೆ ಗೊತ್ತುಮಾಡಲಾಯಿತು. ಚಿಕಿತ್ಸೆಯ ಮಿತಿ 5 ಲಕ್ಷ. ಹಾಲು ಉತ್ಪಾದಕರ ಸಂಘವಿಲ್ಲದ ಊರು ನಮ್ಮ ಜಿಲ್ಲೆಯಲ್ಲಿ ವಿರಳ. ಆದರೂ ಒಂದು ತೊಡಕುಂಟು. ಹಸುವಿನ ಪಾಲನೆ ಮಗನ ಕೈಗೆ ಬಂದಾಗ ಸದಸ್ಯತ್ವವೂ ಅವನ ಹೆಸರಿಗೆ ಬರುತ್ತದೆ. ನೋಂದಣಿಯ ಅರ್ಜಿಯಲ್ಲಿ ಹೆಂಡತಿ ಮಕ್ಕಳ ಹೆಸರು ಬರೆದು ತಂದೆಯ ಹೆಸರು ಬಿಟ್ಟುಹೋಗುತ್ತದೆ. ನೋಂದಣಿಗೆ ವರ್ಷದಲ್ಲಿ ಕೆಲವೇ ತಿಂಗಳ ಅವಕಾಶ. ಆ ಗಡುವು ಮುಗಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ರೋಗ ಹಾಗೆ ಕಾಯುವುದಿಲ್ಲ.

ಮೂರನೆಯದು ಕಾಗದಕ್ಕೆ ಸಂಬಂಧಿಸಿದ್ದಲ್ಲ, ತಿಳಿವಳಿಕೆಗೆ ಸಂಬಂಧಿಸಿದ್ದು. ಎದೆ ನೋವಿನ ಮೊದಲ ಗಂಟೆಗಳು ಅಮೂಲ್ಯ. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಂತೆ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು, ಹೃದಯ ತಜ್ಞರ ಸಲಹೆ ಪಡೆದು, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಆದ್ದರಿಂದ ಸೋಡಾ ಕುಡಿಸುತ್ತ ಕೂರದೆ 108ಕ್ಕೆ ಕರೆ ಮಾಡಬೇಕು. ಮುಂದಿನ ಚಿಕಿತ್ಸೆಗೆ ಮೈಸೂರಿನ ಜಯದೇವ ಆಸ್ಪತ್ರೆಯಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆಯೂ ಮಾತ್ರೆಯೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದೊರೆಯುತ್ತವೆ. ಅಲ್ಲಿ ಸಿಗದ ಮಾತ್ರೆಯನ್ನು ವೈದ್ಯರನ್ನು ಕೇಳಿ ಜನೌಷಧಿ ಕೇಂದ್ರದಲ್ಲಿ ಕೊಂಡರೆ ತಿಂಗಳ ಖರ್ಚು ಬಹಳ ಇಳಿಯುತ್ತದೆ. ದಿನಕ್ಕೊಂದು ಮಾತ್ರೆ ತಪ್ಪಿಸಿ ಉಳಿಸಿದ ಹಣ ಮುಂದೆ ಡಯಾಲಿಸಿಸ್‌ಗೆ ಓಡಾಡುವುದಕ್ಕೂ ಸಾಲುವುದಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ನೂಕುನುಗ್ಗಲು, ಕಾಯುವಿಕೆ, ಕೆಲವೊಮ್ಮೆ ಒರಟು ಮಾತು ಇವೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಯೋಜನೆಗಳಲ್ಲಿಯೂ ಕೊರತೆಗಳಿವೆ. ಒಳರೋಗಿಯಾದವರಿಗೆ ಲಕ್ಷಗಳ ಭರವಸೆಯಿದೆ. ಹೊರರೋಗಿಯ ಪರೀಕ್ಷೆ, ಔಷಧಿಗಳ ಹೊರೆಯ ಬಹುಭಾಗ ಮನೆಯವರ ಮೇಲೆಯೇ ಬೀಳುತ್ತದೆ. ಇನ್ನೂ ದೊಡ್ಡ ಕೊರತೆಯೊಂದಿದೆ. ನಗರದಲ್ಲಿ ಮಗನಿಗೆ ಸಂಬಳ ಬಂದ ಕಾರಣಕ್ಕೆ ಮನೆಯ ಚೀಟಿ ಎಪಿಎಲ್ ಆದರೆ, ಹಳ್ಳಿಯಲ್ಲಿ ಸ್ವಂತ ಆದಾಯವಿಲ್ಲದೆ ಉಳಿದ ತಂದೆಗೆ ಶೇಕಡ 30ರ ನೆರವು ಮಾತ್ರ. ಮಗನ ಕಂಪನಿಯ ವಿಮೆಯಲ್ಲಿ ತಂದೆತಾಯಿಗಳಿಗೆ ಅನೇಕ ವೇಳೆ ಜಾಗವಿರುವುದಿಲ್ಲ. ವಯಸ್ಸಾದ ರೈತನನ್ನು ಮಗನ ಸಂಬಳದಿಂದ ಅಳೆಯದೆ ಅವನ ಸ್ವಂತ ಆದಾಯದಿಂದ ಅಳೆಯಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಗ್ರಾಮಸಭೆಗಳಲ್ಲಿ ಈ ಬೇಡಿಕೆ ಎದ್ದು ಬರಬೇಕು.

ಅಲ್ಲಿಯವರೆಗೆ ಇರುವುದನ್ನಾದರೂ ಪೂರ್ಣವಾಗಿ ಪಡೆಯೋಣ. ಅನ್ನ, ಅಕ್ಷರಗಳ ದಾಸೋಹ ಮಠಗಳ ಪರಂಪರೆ. ಸುತ್ತೂರು ಶ್ರೀಮಠದಂತಹ ಪೀಠಗಳು ಮೈಸೂರಿನಲ್ಲಿ ಆಸ್ಪತ್ರೆಯನ್ನೇ ಕಟ್ಟಿ ಆರೋಗ್ಯಸೇವೆಗೂ ಅದನ್ನು ವಿಸ್ತರಿಸಿವೆ. ಆಸ್ಪತ್ರೆ ಕಟ್ಟುವುದು ಎಲ್ಲರ ಅಳವಿನ ಮಾತಲ್ಲ. ಆದರೆ ಓದುಬರಹ ಬಲ್ಲ ಯುವ ಭಕ್ತರೊಬ್ಬರು ತಮ್ಮ ಬೀದಿಯ ಐದು ಮಂದಿ ಹಿರಿಯರ ಕಾರ್ಡು, ಸಂಘದ ರಸೀದಿ, ಹಳೆಯ ಔಷಧಿ ಚೀಟಿಗಳನ್ನು ಒಂದೊಂದು ಚೀಲದಲ್ಲಿ ಜೋಡಿಸಿಕೊಡುವುದು ಎಲ್ಲರಿಗೂ ಸಾಧ್ಯವಾದ ದಾಸೋಹ. ಮೊದಲ ಚೀಲ ನಿಮ್ಮ ತಂದೆಯವರದ್ದಾಗಲಿ. ಅದನ್ನು ಜೋಡಿಸುವ ನೆಪದಲ್ಲಿ ಅವರ ಪಕ್ಕ ಕುಳಿತು, "ಎಲ್ಲಿ ನೋವು?" ಎಂದು ಕೇಳಿರಿ. ಖರ್ಚಿನ ದಾರಿ ಗೊತ್ತಾಗಿದೆಯೆಂದು ತಿಳಿದರೆ ಅವರೂ ಬಾಯಿ ಬಿಟ್ಟಾರು.